ಕಂಬಳಿಯೊಳಗೆ ದಾರಿ ತಪ್ಪಿದ ಗಾಳಿ

ಕುರಿಗೆ ಮೈತುಂಬ ಉಣ್ಣೆ ಕೊಟ್ಟು, ಅದನ್ನು ನೂಲುವ ಬುದ್ಧಿಯನ್ನು ನಮಗೆ ಕೊಟ್ಟ ಬೀರಪ್ಪಸ್ವಾಮಿಗೆ ಮೊದಲು ಕೈಮುಗಿಯೋಣ. ಈಗ ಕೇಳು, ಮಗಾ.

ಲೋಕ ಇನ್ನೂ ಹೊಸದಾಗಿದ್ದ ಕಾಲ. ಆಗ ಉಣ್ಣೆಗೆ ಒಂದೇ ಬಗೆಯ ನೂಲು. ಕುರಿ ಕಾಯುವವರ ಮನೆಯ ಮಾಳವ್ವ ಮುಳ್ಳಿನ ಬಾಚಣಿಗೆಯಿಂದ ಉಣ್ಣೆ ಬಾಚುತ್ತಿದ್ದಳು. ಉದ್ದನೆಯ ಎಳೆಗಳನ್ನು ಜಡೆ ಹೆಣೆಯುವಾಗಿನಂತೆ ಸಾಲಾಗಿ ಹಿಡಿದು, ಬಿಗಿಯಾಗಿ ನೂಲುತ್ತಿದ್ದಳು. ಬಾಚಣಿಗೆಯಲ್ಲಿ ಉಳಿದ ಗಿಡ್ಡ ಎಳೆಗಳನ್ನು ಕಸವೆಂದು ಮೂಲೆಗೆ ಎಸೆಯುತ್ತಿದ್ದಳು.

ಒಂದು ಮುಂಜಾನೆ ಬಡಗಣ ಗಾಳಿ ಗುಡಿಸಲಿಗೆ ನುಗ್ಗಿತು. ತೊಟ್ಟಿಲಲ್ಲಿ ಹಸುಗೂಸು, ಅದರ ಮೇಲೆ ಆ ಬಾಚಿದ ನೂಲಿನ ನುಣುಪು ಬಟ್ಟೆ. ಹೊಲದ ಸಾಲಿನಲ್ಲಿ ನಡೆದಂತೆ ಗಾಳಿ ಎಳೆಗಳ ನಡುವೆ ನೆಟ್ಟಗೆ ಒಳಗೆ ಹೋಯಿತು. ಕೂಸಿನ ತುಟಿ ನೀಲಿಯಾಯಿತು.

“ನನಗೆ ದಾರಿ ಚೆನ್ನಾಗಿ ಬಾಚಿಟ್ಟಿದ್ದೀಯ, ತಾಯಿ,” ಎಂದಿತು ಗಾಳಿ. “ಹೊತ್ತು ಮುಳುಗುವಾಗ ಮಂಜು ಹೊತ್ತುಕೊಂಡು ಬರ್ತೀನಿ.”

ಮಾಳವ್ವ ಕೂಸನ್ನು ಎದೆಗವಚಿಕೊಂಡು ಸ್ವಾಮಿಯನ್ನು ನೆನೆದಳು. ಆಗ ಮೂಲೆಯ ಕಸ ಮೆಲ್ಲಗೆ ಮಾತಾಡಿತು. “ನಮ್ಮನ್ನೂ ಅವನೇ ಹುಟ್ಟಿಸಿದ್ದಲ್ಲವೇನವ್ವಾ? ನೂತು ನೋಡು. ಬಾಚಬೇಡ ಅಷ್ಟೆ.”

ಮಾಳವ್ವ ಹಿಂಜುವ ಬಿಲ್ಲಿನ ನಾರು ಮೀಟಿ ಮೀಟಿ ಆ ಗಿಡ್ಡ ಉಣ್ಣೆ ಹಿಂಜಿದಳು. ಅಡ್ಡ, ಉದ್ದ, ಸೊಟ್ಟ, ಎಳೆಗಳು ಹೇಗೆ ಬಿದ್ದವೋ ಹಾಗೆಯೇ ಸಡಿಲವಾಗಿ ನೂತಳು. ಮಗ್ಗಕ್ಕೆ ಏರಿಸಿ ಬಿಗಿದರೆ ನೂಲು ಪಟ್ಟೆಂದು ಹರಿಯಿತು. ಮತ್ತೆ ಗಂಟು ಹಾಕಿದಳು, ಮತ್ತೆ ಹರಿಯಿತು. ಹೊತ್ತು ಗುಡ್ಡದ ನೆತ್ತಿಗೆ ಇಳಿದಿತ್ತು.

ಆಗ ಬಾಚಿ ನೂತಿದ್ದ ನುಣುಪು ನೂಲು ಬಾಯಿಬಿಟ್ಟಿತು. “ತಮ್ಮಾ, ಎಳೆತ ನನಗಿರಲಿ. ಬಿಸಿ ನೀನು ನೋಡಿಕೋ.”

ಮಗ್ಗದ ಉದ್ದಕ್ಕೆ ನುಣುಪು ನೂಲು ನಿಂತಿತು, ಅಡ್ಡಕ್ಕೆ ಸಡಿಲ ನೂಲು ಓಡಿತು. ಬಾಗಿಲಲ್ಲಿ ಗಾಳಿಯ ಸದ್ದು ಕೇಳಿದಾಗ ಮಾಳವ್ವ ಕಂಬಳಿಯನ್ನು ಮಗ್ಗದಿಂದ ಕಿತ್ತು ಕೂಸಿಗೆ ಹೊದಿಸಿದಳು.

ಗಾಳಿ ಒಳಹೊಕ್ಕಿತು. ಎಡಕ್ಕೆ ಹೋದರೆ ಒಂದು ಎಳೆ, ಬಲಕ್ಕೆ ಹೋದರೆ ಇನ್ನೊಂದು. ಸುತ್ತಿ ಸುತ್ತಿ ಸುಸ್ತಾಗಿ ಸಂದಿಯಲ್ಲಿ ಕೂತಿತು. ಕೂಸಿನ ಮೈಬಿಸಿ ತಾಗಿ ತಾನೂ ಬೆಚ್ಚಗಾಯಿತು.

“ದಾರಿ ಎಲ್ಲಿ, ತಾಯಿ?”

“ಯಾರೂ ಬಾಚಿಲ್ಲಪ್ಪಾ,” ಎಂದಳು ಮಾಳವ್ವ.

ಕೂಸು ತುಟಿ ಕೆಂಪಾಗಿ, ಹಾಲಿಗೆಂದು ಜೋರಾಗಿ ಅತ್ತಿತು.

ಅಂದಿನಿಂದ ಉಣ್ಣೆಗೆ ಎರಡು ಬಗೆಯ ನೂಲು, ಮಗಾ. ನಿನ್ನಪ್ಪನ ಕೋಟಿನ ಬಟ್ಟೆ ನುಣ್ಣಗಿದ್ದು ಎಳೆದಾಟ ತಾಳುವುದು ಬಾಚಿ ಬಿಗಿದ ನೂಲಿನಿಂದ. ನೀನು ಹೊದ್ದ ಕಂಬಳಿ ಜುಂಗುಜುಂಗಾಗಿ ಉಬ್ಬಿ ಬೆಚ್ಚಗಿರುವುದು, ದಾರಿ ತಪ್ಪಿದ ಆ ಗಾಳಿ ಇನ್ನೂ ಅದರೊಳಗೇ ಕೂತಿರುವುದರಿಂದ.

ಕೇಳಿದ ನಿಮ್ಮೆಲ್ಲರ ಮನೆಯ ತೊಟ್ಟಿಲನ್ನು ಸ್ವಾಮಿ ಬೆಚ್ಚಗಿಡಲಿ.