ಹೆಪ್ಪು ಕೊಡದ ಮೊಸರು

ಅಡುಗೆಮನೆಯಲ್ಲಿ ಉಗುರುಬೆಚ್ಚಗಿನ ಹಾಲು ಗಡಿಗೆಯ ಮೊಸರನ್ನು ಕೇಳಿತು: "ಅಣ್ಣಾ, ಒಂದು ಚಮಚ ಹೆಪ್ಪು ಕೊಡಿ. ನಾನೂ ಗಟ್ಟಿಯಾಗಬೇಕು."

ಮೊಸರು ಬೀಗಿತು: "ಈ ಮನೆಯಲ್ಲಿ ಮೊಸರೆಂದರೆ ನಾನೊಬ್ಬನೇ. ನಿನಗೆ ಕೊಟ್ಟರೆ ನಾಳೆ ನನ್ನನ್ನು ಕೇಳುವವರು ಯಾರು? ಬೇಕಿದ್ದರೆ ಕಸಕ್ಕೆ ಹೋಗುವ ಆ ಮೆಣಸಿನಕಾಯಿ ತೊಟ್ಟನ್ನು ಕೇಳು, ಹೋಗು."

ಹಾಲು ನಿಜವಾಗಿಯೂ ಹೋಗಿ ಕೇಳಿತು. "ನನ್ನಲ್ಲಿರುವುದು ಇಷ್ಟೇ, ಅಷ್ಟನ್ನೂ ತಗೋ" ಎಂದು ತೊಟ್ಟು ಹಾಲಿಗೆ ಧುಮುಕಿತು.

ಬೆಳಿಗ್ಗೆ ಹಾಲು ಗಟ್ಟಿ ಮೊಸರಾಗಿತ್ತು. ಯಾರಿಗೂ ಕೊಡದೆ ಕೂತಿದ್ದ ಹಳೆಯ ಮೊಸರು ಹುಳಿ ಬಂದು ನಾರುತ್ತಿತ್ತು. ಮನೆಯೊಡತಿ ಅದನ್ನು ಕರಿಬೇವಿನ ಬುಡಕ್ಕೆ ಸುರಿದಳು.

ಅಷ್ಟರಲ್ಲಿ ಅಂದಿನ ಹಾಲು ಬಂದು ಅಂಜುತ್ತಾ ನಿಂತಿತು. ಹೊಸ ಮೊಸರು ತಲೆಯೆತ್ತಿ ಹೇಳಿತು: "ಬಾ, ಹೆದರಬೇಡ. ನಾನು ತೊಟ್ಟಿನ ಮನೆತನದವನು. ನಮ್ಮಲ್ಲಿ ಇಲ್ಲವೆನ್ನುವ ಪದ್ಧತಿಯಿಲ್ಲ."