ಸೋಮ ಖಾರ್ವಿಗೆ ಹಕ್ಕಿ ಸಾಕ್ಷಿ

ಕಡಲಮ್ಮನಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬಲೆಗೆ ಬಿದ್ದ ಬೇಡದ ಮೀನನ್ನು ಕಡಲಿಗೆ ಎಸೆದರೆ ಲೈಸೆನ್ಸ್ ರದ್ದು ಎಂಬ ನಿಯಮ ಬಂದಿತ್ತು. ಗಂಗೊಳ್ಳಿಯ ಸೋಮ ಖಾರ್ವಿಯ ಬೋಟಿನ ಪಕ್ಕಕ್ಕೇ ಮೀನುಗಾರಿಕೆ ಇಲಾಖೆಯ ಸಾಹೇಬರು ತಮ್ಮ ಬೋಟು ತಂದು ಗುಡುಗಿದರು: "ಕಸದ ಮೀನು ಇಷ್ಟೇನಾ? ಉಳಿದದ್ದು ಎಸೆದಿದ್ದೀಯ. ಲೈಸೆನ್ಸ್ ಕೊಡು."

ಖಾರ್ವಿ ಕೈಮುಗಿದ. "ಮೀನು ಎಸೆದ ಬೋಟನ್ನು ಹಕ್ಕಿಗಳು ಬಿಡುದಿಲ್ಲ ಸಾಹೇಬ್ರೆ. ನನ್ನ ತಲೆ ಮೇಲೆ ಒಂದಾದ್ರೂ ಇತ್ತಾ ಕಾಣಿ."

ಸಾಹೇಬರು ಕಂಡರು. ಖಾರ್ವಿಯ ಮೇಲೆ ಬರೀ ಆಕಾಶ. ಹಕ್ಕಿಗಳ ದಂಡೆಲ್ಲ ತಮ್ಮದೇ ಬೋಟಿನ ಮೇಲೆ.

"ನೀವು ಎಂತ ಎಸೆದ್ರಿ ಸಾಹೇಬ್ರೆ?"

"ಊಟದ್ದು... ಎರಡು ಬಂಗಡೆ ತಲೆ," ಎಂದು ಸಾಹೇಬರು ಗೊಣಗಿದರು. ಅಷ್ಟರಲ್ಲಿ ಹಕ್ಕಿಯೊಂದು ಅವರ ಟೋಪಿಗೆ ಹಿಕ್ಕೆಯ ಮೊಹರು ಒತ್ತಿತು. ಲೈಸೆನ್ಸ್ ಖಾರ್ವಿಯ ಬಳಿಯೇ ಉಳಿಯಿತು.

ಎಲ್ಲ ನಿಜ. ಆ ಹಿಕ್ಕೆಯೊಂದನ್ನು ಮಾತ್ರ ಕತೆಗೆ ನಾನೇ ಹಾಕಿದ್ದು.