ಕೇಳದೆ ಕೊಟ್ಟ ಬಿಡುವು

ತುಂಗಭದ್ರೆಯ ದಂಡೆಯ ಊರೊಂದರ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕವನ್ನು ಡಾಕ್ಟರ್ ಚೂಡಾಮಣಿ ನಡೆಸುತ್ತಿದ್ದರು. ಅವರ ಹತ್ತಿರ ಕಲಿತ ಕಿರಿಯ ವೈದ್ಯ ಕರಿಬಸವನಿಗೆ ಡ್ಯೂಟಿ ಪಟ್ಟಿ ಬರೆಯುವ ಕೆಲಸ ಮೊದಲ ಸಲ ಬಂತು.

ಮುಂದಿನ ತಿಂಗಳ ಪಟ್ಟಿ ಬರೆದು ತಂದ. ಗುರು ಓದಿದರು.

"ತುರ್ತು ತಂಡ ನಡೆಸೋರಲ್ಲಿ ಡಾಕ್ಟರ್ ಹೇಮಾಕ್ಷಿ ಇಲ್ಲವಲ್ಲ?"

"ಹೆರಿಗೆ ರಜೆ ಮುಗಿಸಿ ಮೊನ್ನೆ ತಾನೇ ಬಂದಿದ್ದಾರೆ ಮೇಡಂ. ಉಸಿರು ನಿಂತವರ ಹತ್ತಿರ ಓಡೋ ಕೆಲಸ ಈಗಲೇ ಬೇಡ ಅಂತ ಬಿಟ್ಟೆ."

"ಅವಳು ಕೇಳಿದ್ದಳಾ?"

"ಇಲ್ಲ. ನಾನೇ ಅರ್ಥ ಮಾಡಿಕೊಂಡೆ."

"ಮುಂದಿನ ವರ್ಷ ನನ್ನ ಜಾಗಕ್ಕೆ ಆರಿಸುವಾಗ, ಯಾರು ಎಷ್ಟು ಸಲ ತಂಡ ನಡೆಸಿದ್ದಾರೆ ಅಂತಲೇ ನೋಡ್ತಾರೆ."

ಅವನು ಪಟ್ಟಿಯತ್ತ ಮತ್ತೊಮ್ಮೆ ನೋಡಿದ.

"ನಿನ್ನ ಮಗಳಿಗೆ ಎಷ್ಟು ತಿಂಗಳು?"

"ನಾಲ್ಕು."

ಗುರು ಗೋಡೆಯ ಮೇಲಿದ್ದ ಈ ವಾರದ ಪಟ್ಟಿಯ ಹತ್ತಿರ ಹೋದರು. ತಂಡ ನಡೆಸುವವರ ಸಾಲಿನಲ್ಲಿ ಕರಿಬಸವನ ಹೆಸರಿನ ಮೇಲೆ ಗೆರೆ ಎಳೆದರು.

"ಇವತ್ತಿನಿಂದ ನಾಲ್ಕು ಗಂಟೆಗೆ ಮನೆಗೆ ಹೋಗು. ನೀನು ಬರೆದ ಪಟ್ಟಿ ನನ್ನ ಹತ್ತಿರವೇ ಇರಲಿ."

ಆ ಸಂಜೆ ಐದನೇ ಹಾಸಿಗೆಯ ರೋಗಿಯ ಬಿಪಿ ಇಳಿಯುತ್ತಿತ್ತು. ನರ್ಸ್ ಬಂದು, "ಸರ್, ನಾಲ್ಕಾಯ್ತು. ನೀವು ಹೊರಡಬೇಕಂತೆ, ಮೇಡಂ ಹೇಳಿದಾರೆ" ಎಂದಳು.

ಮನೆಯಲ್ಲಿ ಮಗಳು ಅವನ ಹೆಗಲ ಮೇಲೆ ನಿದ್ದೆ ಹೋದಳು. ಅವನ ಕಾಲು ಮಾತ್ರ ನಿಲ್ಲಲಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ.

"ಕೂತ್ಕೊಳ್ರೀ, ಮಗು ಏಳುತ್ತೆ" ಎಂದಳು ಹೆಂಡತಿ.

ಕೂತ. ಸೇತುವೆಯ ಮೇಲೆ ಆಂಬ್ಯುಲೆನ್ಸ್ ಸದ್ದು ಕೇಳಿ ಮತ್ತೆ ಎದ್ದ. ಮರುದಿನವೂ ಹಾಗೇ ಆಯಿತು.

ಮೂರನೆಯ ದಿನ ಬೆಳಿಗ್ಗೆ ಗುರು ವಾಕಿಂಗ್ ಮುಗಿಸಿ ನದಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಅಲ್ಲಿಗೇ ಹೋದ.

"ನನ್ನ ಕೈಲಿ ಆಗಲ್ಲ ಅಂತ ಯಾರು ಹೇಳಿದ್ದು ಮೇಡಂ? ಮಗು ಇದೆ ಅಂತ ಕೆಲಸ ಮರೆತುಹೋಗುತ್ತಾ? ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಗುರು ಅವನ ಮುಖವನ್ನೇ ನೋಡುತ್ತಿದ್ದರು.

ಅವನ ಮಾತು ಅವನಿಗೇ ಕೇಳಿಸಿತು. ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಿ ಹೇಮಾಕ್ಷಿಯ ಎದುರು ನಿಂತ.

"ತಪ್ಪಾಯ್ತು. ನಿಮ್ಮನ್ನ ಕೇಳದೆ ಮುಂದಿನ ತಿಂಗಳ ತುರ್ತು ತಂಡದಿಂದ ಕೈಬಿಟ್ಟಿದ್ದೆ. ನಿಮಗೆ ಏನು ಬೇಕು?"

ಹೇಮಾಕ್ಷಿ ರೋಗಿಯ ಚಾರ್ಟಿನಿಂದ ಕಣ್ಣು ತೆಗೆಯಲಿಲ್ಲ.

"ತಂಡ ನಡೆಸೋದನ್ನ ನಾನು ಯಾವತ್ತೂ ಬೇಡ ಅಂದಿಲ್ಲ. ಎದೆಹಾಲು ತೆಗೆದಿಡೋಕೆ ಚಿಲಕ ಇರೋ ಒಂದು ರೂಮು, ಡ್ಯೂಟಿ ನಡುವೆ ಅರ್ಧ ಗಂಟೆ ಬಿಡುವು ಬೇಕು. ಬಂದ ದಿನದಿಂದ ಸ್ಟೋರ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ತಿದ್ದೀನಿ. ಅದನ್ನ ಯಾರೂ ಕೇಳಲಿಲ್ಲ."

ಅವನು ಮಧ್ಯಾಹ್ನದೊಳಗೆ ಒಂದು ಸಣ್ಣ ಕೋಣೆ ಖಾಲಿ ಮಾಡಿಸಿ, ಬಾಗಿಲಿಗೆ ಚಿಲಕ ಹಾಕಿಸಿದ. ಹೇಮಾಕ್ಷಿಯ ಹೆಸರನ್ನೂ ಅರ್ಧ ಗಂಟೆಯ ಬಿಡುವನ್ನೂ ಸೇರಿಸಿ ಪಟ್ಟಿ ಹೊಸದಾಗಿ ಬರೆದ. ಮೂರು ದಿನಗಳಲ್ಲಿ ಮೊದಲ ಸಲ ಅವನ ಮನಸ್ಸು ಹಗುರಾಗಿತ್ತು.

ಗುರುವಿನ ಮೇಜಿನ ಮೇಲೆ ಪಟ್ಟಿ ಇಟ್ಟು ಹೇಳಿದ:

"ಹೇಮಾಕ್ಷಿಯವರಿಗೆ ಅವಕಾಶ ಕೊಟ್ಟೆ ಮೇಡಂ."

ಗುರು ಸಹಿ ಹಾಕಲು ಎತ್ತಿದ ಪೆನ್ನನ್ನು ಹಾಗೇ ಹಿಡಿದರು.

"ಕೊಟ್ಟೆಯಾ? ಅದು ನಿನ್ನದಾಗಿದ್ದು ಯಾವಾಗ?"